ಅಂಗಡಿಯ ಮುಂದಿನ ಎರಡು ಕುರ್ಚಿಗಳು

ಅಮೆರಿಕದ ಪ್ರೇರಿ ಬಯಲಿನ ಕಥೆಗಳೆಂದರೆ ನಮಗೆಲ್ಲ ನೆನಪಾಗುವುದು ನೇಗಿಲು, ಹಿಮ, ಗೋಧಿಯ ಹೊಲ, ಒಂಟಿ ಮನೆ. ಆ ಹೊಲಗಳ ನಡುವಿನ ಪುಟ್ಟ ಊರಿನಲ್ಲಿ ಮೊಳೆ, ಬಟ್ಟೆ, ಸಕ್ಕರೆ, ಸೀಮೆಎಣ್ಣೆ ಎಲ್ಲವನ್ನೂ ಒಂದೇ ಸೂರಿನಡಿ ಮಾರುತ್ತಿದ್ದ ಜನರಲ್ ಸ್ಟೋರ್ ವ್ಯಾಪಾರಿಯನ್ನು ನಾಯಕನನ್ನಾಗಿ ಮಾಡಿದ ಕಥೆಗಳು ಕಡಿಮೆ. ವಿಲ್ಲಾ ಕ್ಯಾದರ್ (1873–1947) ಬರೆದ ‘ಟೂ ಫ್ರೆಂಡ್ಸ್’ ಅಂಥದೊಂದು ಕಥೆ. 1932ರಲ್ಲಿ ಪ್ರಕಟವಾದ ‘ಅಬ್‌ಸ್ಕ್ಯೂರ್ ಡೆಸ್ಟಿನೀಸ್’ ಎಂಬ ಸಂಕಲನದ ಮೂರು ಕಥೆಗಳಲ್ಲಿ ಇದು ಒಂದು. ಸದಸ್ಯ ಬಂಧುಗಳು ಇದನ್ನು ಓದಬೇಕೆಂಬುದು ನಮ್ಮ ಆಸೆ. ಜೊತೆಗೆ ಒಂದು ತಕರಾರೂ ಇದೆ.

ಕಥೆ ನಡೆಯುವುದು ಕ್ಯಾನ್ಸಸ್‌ನ ಒಂದು ಸಣ್ಣ ಊರಿನಲ್ಲಿ. ಡಿಲನ್ ಊರಿನ ದೊಡ್ಡ ಅಂಗಡಿಯ ಮಾಲೀಕ, ಬ್ಯಾಂಕಿನ ಯಜಮಾನ. ಟ್ರೂಮನ್ ದನಗಳ ದೊಡ್ಡ ವ್ಯಾಪಾರಿ. ಬೇಸಿಗೆಯ ರಾತ್ರಿ ಇಬ್ಬರೂ ಅಂಗಡಿಯ ಹೊರಗೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಪೇಟೆಗೆ ಹೋಗಿದ್ದಾಗ ಕಂಡ ನಾಟಕ, ಊರಿನ ಸುದ್ದಿ, ಆಕಾಶದ ನಕ್ಷತ್ರ ಎಲ್ಲವೂ ಅವರ ಮಾತಿಗೆ ಬರುತ್ತವೆ. ಹತ್ತಿರದಲ್ಲೇ ಆಡಿಕೊಂಡಿರುವ ಹುಡುಗಿಯೊಬ್ಬಳು ಅದನ್ನೆಲ್ಲ ಕೇಳಿಸಿಕೊಳ್ಳುತ್ತಾಳೆ. ದೊಡ್ಡವಳಾದ ಮೇಲೆ ನಮಗೆ ಕಥೆ ಹೇಳುವವಳು ಅವಳೇ. ಬೆಳದಿಂಗಳಲ್ಲಿ ರಸ್ತೆಯ ಧೂಳು ಬೆಳ್ಳಗೆ ಮಲಗಿರುವ ಚಿತ್ರ ಓದಿದವರ ಮನಸ್ಸಿನಿಂದ ಬೇಗ ಹೋಗುವುದಿಲ್ಲ.

ಕ್ಯಾದರ್ ಇದನ್ನು ಊಹಿಸಿ ಬರೆದವರಲ್ಲ. ಅವರ ಮನೆಯವರು 1883ರಲ್ಲಿ ನೆಬ್ರಾಸ್ಕಕ್ಕೆ ಬಂದು, ಮರುವರ್ಷ ರೆಡ್ ಕ್ಲೌಡ್ ಎಂಬ ಊರಿನಲ್ಲಿ ನೆಲೆಸಿದರು. ಅಲ್ಲಿನ ಅಂಗಡಿಯ ವ್ಯಾಪಾರಿ ಜೇಮ್ಸ್ ಮೈನರ್ ಅವರೇ ಡಿಲನ್ ಪಾತ್ರಕ್ಕೆ ಮಾದರಿ. ಮೈನರ್ ಅವರ ಹೆಣ್ಣುಮಕ್ಕಳು ಕ್ಯಾದರ್‌ಗೆ ಗೆಳತಿಯರು; 1918ರ ‘ಮೈ ಆಂಟೋನಿಯಾ’ ಕಾದಂಬರಿಯನ್ನು ಅವರಲ್ಲಿ ಇಬ್ಬರಿಗೆ ಅರ್ಪಿಸಲಾಗಿದೆ.

ಗೆಳೆತನ ಮುರಿಯುವುದು 1896ರಲ್ಲಿ. ಆ ವರ್ಷ ಷಿಕಾಗೋದ ಡೆಮಾಕ್ರಟಿಕ್ ಸಮ್ಮೇಳನದಲ್ಲಿ ನೆಬ್ರಾಸ್ಕದ ವಿಲಿಯಂ ಜೆನ್ನಿಂಗ್ಸ್ ಬ್ರಯನ್ ಬೆಳ್ಳಿ ನಾಣ್ಯದ ಪರವಾಗಿ ಮಾಡಿದ ಭಾಷಣ ಚರಿತ್ರೆಯಲ್ಲಿ ಪ್ರಸಿದ್ಧ. ಡಿಲನ್ ಅದನ್ನು ಕೇಳಿ ಬ್ರಯನ್ ಭಕ್ತನಾಗಿ ಊರಿಗೆ ಮರಳುತ್ತಾನೆ. ಟ್ರೂಮನ್‌ಗೆ ಬ್ರಯನ್ ಬರೀ ಬಾಯಿಬಡುಕ. ಮಾತಿಗೆ ಮಾತು ಬೆಳೆದು, ಟ್ರೂಮನ್ ತನ್ನ ಹಣವನ್ನು ಗೆಳೆಯನ ಬ್ಯಾಂಕಿನಿಂದ ತೆಗೆಯುತ್ತಾನೆ. ಮತ್ತೆ ಅವರು ಒಟ್ಟಿಗೆ ಕೂರುವುದಿಲ್ಲ. ಡಿಲನ್ ಸಾಯುತ್ತಾನೆ, ಟ್ರೂಮನ್ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟುಹೋಗುತ್ತಾನೆ.

ನಮ್ಮ ತಕರಾರು ಇಲ್ಲಿದೆ. ಸುಲಭವಾಗಿ ಸರಿಪಡಿಸಬಹುದಾಗಿದ್ದ ಒಂದು ಸೊಗಸು ಅರ್ಥವಿಲ್ಲದೆ ಹಾಳಾಯಿತು ಎಂಬ ಭಾವದಲ್ಲಿ ಕಥೆ ಮುಗಿಯುತ್ತದೆ. ಆದರೆ ಆ ಜಗಳಕ್ಕೆ ಅರ್ಥವಿರಲಿಲ್ಲವೇ? ಪ್ರೇರಿ ಊರಿನ ಅಂಗಡಿ ನಡೆಯುತ್ತಿದ್ದುದೇ ಉದ್ರಿಯ ಮೇಲೆ. ರೈತ ವರ್ಷವಿಡೀ ಸಾಮಾನು ಒಯ್ದು ಸುಗ್ಗಿಯಾದ ಮೇಲೆ ಬಾಕಿ ತೀರಿಸುತ್ತಿದ್ದ. ಧಾನ್ಯದ ಬೆಲೆ ಕುಸಿದಾಗ ಸಾಲದ ಡಾಲರು ಅಷ್ಟೇ ಇರುತ್ತದೆ. ಅದನ್ನು ತೀರಿಸಲು ಮಾರಬೇಕಾದ ಮೂಟೆಗಳು ಮಾತ್ರ ಹೆಚ್ಚುತ್ತವೆ. 16 ತೂಕ ಬೆಳ್ಳಿಗೆ 1 ತೂಕ ಚಿನ್ನದ ಲೆಕ್ಕದಲ್ಲಿ ಬೆಳ್ಳಿ ನಾಣ್ಯ ಧಾರಾಳವಾಗಿ ಬಂದರೆ ಬೆಲೆ ಏರಿ ಸಾಲ ಹಗುರವಾದೀತೆಂದು ರೈತರು ನಂಬಿದ್ದರು. ಸಾಲ ಕೊಟ್ಟವರಿಗೆ ಅದೇ ನಷ್ಟ. ಡಿಲನ್‌ನ ಒಂದು ಕೈಯಲ್ಲಿ ಬ್ಯಾಂಕಿನ ಲೆಕ್ಕ, ಇನ್ನೊಂದು ಕೈಯಲ್ಲಿ ಅಂಗಡಿಯ ಉದ್ರಿ ಪುಸ್ತಕ. ಹಾಗಿದ್ದೂ ಆತ ಗಿರಾಕಿಗಳ ಪಕ್ಷ ಹಿಡಿದನೆಂದರೆ ಅದು ಸಣ್ಣ ಮಾತಲ್ಲ. ಕ್ಯಾದರ್ ನಮ್ಮನ್ನು ಅಂಗಡಿಯ ಮುಂದೆ ಚೆನ್ನಾಗಿ ಕೂರಿಸುತ್ತಾರೆ, ಆದರೆ ಆ ಪುಸ್ತಕವನ್ನು ತೆರೆದು ತೋರಿಸುವುದಿಲ್ಲ.

ಹುಡುಗಿಗೆ ಲೆಕ್ಕ ತಿಳಿಯದು, ದನಿ ಮಾತ್ರ ಗೊತ್ತು ಎಂದು ಕ್ಯಾದರ್ ಪರವಾಗಿ ಹೇಳಬಹುದು. ಅದು ನಿಜ, ಕಥೆಯ ಶಕ್ತಿಯೂ ಅದೇ. ನವೆಂಬರಿನಲ್ಲಿ ಬ್ರಯನ್ ಸೋತರು, 1900ರಲ್ಲಿ ಚಿನ್ನವೇ ನಾಣ್ಯದ ಆಧಾರವೆಂದು ಕಾನೂನಾಯಿತು. ದೇಶದ ವಾದ ನಾಲ್ಕು ವರ್ಷಗಳಲ್ಲಿ ತೀರಿತು. ಅಂಗಡಿಯ ಮುಂದಿನ ಕುರ್ಚಿ ಮಾತ್ರ ಖಾಲಿಯೇ ಉಳಿಯಿತು. ಅವರು ವಾದ ಮಾಡಿದ್ದು ತಪ್ಪಲ್ಲ, ವಾದದ ನಂತರ ಮಾತು ಬಿಟ್ಟದ್ದು ತಪ್ಪು ಎಂದು ನಮಗೆ ತೋರುತ್ತದೆ.

ಊರು ಬಿಟ್ಟು ಬಂದ ನಮಗೆ ಇದು ಹೊರಗಿನ ಕಥೆಯಲ್ಲ. ಇಲ್ಲಿ ನಮ್ಮ ಭಾಷೆಯಲ್ಲಿ ಮನಸ್ಸು ಬಿಚ್ಚಿ ಮಾತಾಡಲು ಸಿಗುವವರೇ ನಾಲ್ಕು ಮನೆಯವರು. ಇಲ್ಲಿನ ಚುನಾವಣೆಗೋ, ಅಲ್ಲಿನ ಚುನಾವಣೆಗೋ, ನಮ್ಮ ಸಂಘದ್ದೇ ಚುನಾವಣೆಗೋ ಅವರನ್ನು ಕಳೆದುಕೊಂಡರೆ ಬೇರೆಯವರನ್ನು ಎಲ್ಲಿಂದ ತರೋಣ? ಪುಸ್ತಕ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಸಿಗುತ್ತದೆ, ಕಥೆ ಒಂದು ಸಂಜೆಯ ಓದು. ಓದಿ, ಹೈಸ್ಕೂಲಿನ ಮಕ್ಕಳಿಗೂ ಓದಿಸಿ. ನಮ್ಮ ತಕರಾರು ಒಪ್ಪದವರು ಮುಂದಿನ ಸಂಚಿಕೆಗೆ ಖಂಡಿತ ಬರೆಯಿರಿ.