ಪೆಟ್ಟಿಗೆಯಲ್ಲಿ ಬಂದ ಪಾಠಾಂತರಗಳು

ಪುಸ್ತಕಗಳ ವಿಮರ್ಶೆಗೆ ಮೀಸಲಾದ ಈ ಪುಟಗಳಲ್ಲಿ ಇಂಗ್ಲಿಷ್ ಹಾಡುಗಳ ಪೆಟ್ಟಿಗೆಯೊಂದನ್ನು ಎತ್ತಿಕೊಂಡಿರುವುದು ಕೆಲವು ವಾಚಕರಿಗೆ ಸೋಜಿಗವೆನಿಸಬಹುದು. ಆದರೆ ಆ ಪೆಟ್ಟಿಗೆಯನ್ನು ತೆರೆದು ನೋಡಿ, ಕೇಳಿ ಮುಗಿಸುವ ಹೊತ್ತಿಗೆ ನಮ್ಮೆದುರು ನಿಂತದ್ದು ಗ್ರಂಥಸಂಪಾದನೆಯ ಪ್ರಶ್ನೆಯೇ ಹೊರತು ಬೇರೆಯಲ್ಲ.

ಸಂಗತಿ ಇಷ್ಟು. ಮಕ್ತಲ್ ಕಡೆಯ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾರೆ. 'ಕ್ಲಾಸಿಕ್ ರಾಕ್' ಎಂದು ಹೆಸರಾದ, ೧೯೬೦ ಮತ್ತು ೧೯೭೦ರ ದಶಕಗಳ ಇಂಗ್ಲೆಂಡು-ಅಮೆರಿಕಗಳ ಹಾಡುಗಳ 'ಡೀಲಕ್ಸ್' ಪೆಟ್ಟಿಗೆಗಳನ್ನು ಕೂಡಿಡುವುದು ಅವರ ವ್ಯಸನ. ದಸರೆಯ ರಜೆಗೆ ಊರಿಗೆ ಬಂದಾಗ ಒಂದನ್ನು ಜೊತೆಗೆ ತಂದಿದ್ದರು. ಬೀಟಲ್ಸ್ ತಂಡದವರು ೧೯೬೭ರಲ್ಲಿ ಹೊರತಂದ 'ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್' ಎಂಬ ಧ್ವನಿಮುದ್ರಿಕೆಗೆ ಐವತ್ತು ವರ್ಷ ತುಂಬಿದಾಗ, ೨೦೧೭ರಲ್ಲಿ, ಪ್ರಕಟವಾದ ಪೆಟ್ಟಿಗೆ ಅದು. ಸುಮಾರು ನಲವತ್ತು ನಿಮಿಷಗಳ ಮೂಲಕೃತಿಗೆ ಇಲ್ಲಿ ಆರು ತಟ್ಟೆಗಳು, ೧೪೪ ಪುಟಗಳ ಗಟ್ಟಿರಟ್ಟಿನ ಪುಸ್ತಕ, ಮೇಲೆ ಭಿತ್ತಿಪತ್ರಗಳು. ಮೂಲಕ್ಕಿಂತ ಭಾಷ್ಯ ದೊಡ್ಡದಾದುದು ನಮ್ಮ ಶಾಸ್ತ್ರಗ್ರಂಥಗಳಲ್ಲಿ ಹೊಸದೇನೂ ಅಲ್ಲವಾದುದರಿಂದ ಅಷ್ಟಕ್ಕೆ ನಾವು ಬೆದರಲಿಲ್ಲ.

ಹಾಡುಗಳ ಗುಚ್ಛಕ್ಕೆ 'ಆಲ್ಬಮ್' ಎಂಬ ಹೆಸರು ಬಂದ ಬಗೆಯನ್ನು ವಿದ್ಯಾರ್ಥಿಗಳು ತಿಳಿದಿರುವುದು ಒಳ್ಳೆಯದು. ನಿಮಿಷಕ್ಕೆ ೭೮ ಸುತ್ತು ತಿರುಗುವ ಹಳೆಯ ಗ್ರಾಮಫೋನ್ ಪ್ಲೇಟಿನ ಒಂದು ಮಗ್ಗುಲಲ್ಲಿ ಮೂರು, ಮೂರೂವರೆ ನಿಮಿಷಕ್ಕೆ ಹೆಚ್ಚು ಹಾಡು ಹಿಡಿಯುತ್ತಿರಲಿಲ್ಲ. ದೀರ್ಘವಾದ ಕೃತಿಯಾದರೆ ನಾಲ್ಕಾರು ಪ್ಲೇಟುಗಳನ್ನು ಕಾಗದದ ಚೀಲಗಳಲ್ಲಿಟ್ಟು, ಚಿತ್ರಸಂಪುಟದಂತೆ ಹೊಲಿದು ರಟ್ಟು ಕಟ್ಟಿ ಮಾರುತ್ತಿದ್ದರು. ೧೯೪೮ರಲ್ಲಿ ದೀರ್ಘಕಾಲದ ಎಲ್.ಪಿ. ತಟ್ಟೆ ಬಂದ ಮೇಲೆ ರಟ್ಟು ಹೋಯಿತು, ಹೆಸರು ಉಳಿಯಿತು. ಈ ಮೂರು ನಿಮಿಷದ ಕಟ್ಟಳೆಯಲ್ಲಿಯೇ ನಮ್ಮ ಗಂಗೂಬಾಯಿ ಹಾನಗಲ್ಲರು 'ಗಾಂಧಾರಿ ಹುಬ್ಬಳ್ಳಿ' ಎಂಬ ಹೆಸರಿನಲ್ಲಿ ೧೯೩೦ರ ದಶಕದಲ್ಲಿ ಪ್ಲೇಟುಗಳಿಗೆ ಹಾಡಿದರು. ಆ ಪ್ಲೇಟುಗಳಲ್ಲಿ ನಮಗೆ ಉಳಿದಿರುವುದು ಸಿದ್ಧರೂಪವೊಂದೇ. ಅದಕ್ಕೆ ಮೊದಲು ಆಕೆ ಎಷ್ಟು ಸಲ ಹಾಡಿದರು, ಯಾವ ತಾನವನ್ನು ಕೈಬಿಟ್ಟರು ಎಂಬುದನ್ನು ತಟ್ಟೆ ಹೇಳುವುದಿಲ್ಲ.

ಈ ಪೆಟ್ಟಿಗೆ ಹೇಳುವುದು ಅದನ್ನೇ. ಆರರಲ್ಲಿ ಒಂದು ತಟ್ಟೆಯಲ್ಲಿ ಕೃತಿಯ ಹೊಸ ಮಿಶ್ರಣವಿದೆ; ಇನ್ನೊಂದರಲ್ಲಿ ೧೯೬೭ರ ಮಾನೋ ರೂಪವಿದೆ. ನಮ್ಮನ್ನು ಹಿಡಿದು ನಿಲ್ಲಿಸಿದವು ನಡುವಣ ಎರಡು ತಟ್ಟೆಗಳು. ೧೯೬೬ರ ನವೆಂಬರಿನಿಂದ ಮುಂದಿನ ವಸಂತದವರೆಗೆ ಮುದ್ರಣಶಾಲೆಯಲ್ಲಿ ನಡೆದ ಯತ್ನಗಳನ್ನು, ತಪ್ಪಿದುದು, ಅರ್ಧಕ್ಕೆ ನಿಂತುದು ಎಲ್ಲವನ್ನೂ ಕೂಡಿಸಿ, ನಡೆದ ಕ್ರಮದಲ್ಲಿಯೇ ಇವುಗಳಲ್ಲಿ ಜೋಡಿಸಿದ್ದಾರೆ. ಕೃತಿಯ ಕೊನೆಯ ಹಾಡು 'ಎ ಡೇ ಇನ್ ದ ಲೈಫ್'. ಅದರ ಮುಕ್ತಾಯದಲ್ಲಿ ಹಲವು ಕೈಗಳು ಹಲವು ಪಿಯಾನೋಗಳ ಮೇಲೆ ಒಮ್ಮೆಗೇ ಬಿದ್ದು ಹುಟ್ಟುವ ಮಹಾನಾದವೊಂದು ನಿಧಾನವಾಗಿ ಆರುತ್ತದೆ. ಅದು ಮೊದಲೇ ಹೊಳೆದ ಉಪಾಯವೆಂದು ಕೇಳಿದವರೆಲ್ಲರೂ ಭಾವಿಸಿಯಾರು. ಆದರೆ ಮೊದಲು ಅವರು ಯೋಚಿಸಿದ್ದುದು ಬಾಯಿ ಮುಚ್ಚಿ ಗುನುಗುವ ಕಂಠಸ್ವರಗಳನ್ನು! ಆ ಗುನುಗಿನ ಯತ್ನಗಳೂ ಇಲ್ಲಿವೆ. ಕೇಳಿದರೆ ನಗು ಬರುತ್ತದೆ; ಹಾಡಿದವರೂ ನಗುತ್ತಾರೆ. ಕವಿಯ ಕರಡಿನಲ್ಲಿ ಹೊಡೆದುಹಾಕಿದ ಸಾಲನ್ನು ಕಂಡಾಗ ಆಗುವ ಸಂತೋಷವೇ ಇದು: ಆಯ್ಕೆ ಎಂಬುದು ಕಣ್ಣಿಗೆ ಬೀಳುತ್ತದೆ.

ಇದೇ ಕೃತಿಯಲ್ಲಿ 'ವಿದಿನ್ ಯೂ ವಿದೌಟ್ ಯೂ' ಎಂಬ ಹಾಡಿದೆ. ೧೯೬೬ರಲ್ಲಿ ಭಾರತಕ್ಕೆ ಬಂದು ರವಿಶಂಕರರಲ್ಲಿ ಸಿತಾರ್ ಕಲಿತ ಜಾರ್ಜ್ ಹ್ಯಾರಿಸನ್ ರಚಿಸಿದ್ದು. ನಮ್ಮ ಕಿವಿಗೆ ಖಮಾಜಿನ ಛಾಯೆ ಕಾಣುತ್ತದೆ. ಲಂಡನ್ನಿನಲ್ಲಿ ನೆಲೆಸಿದ್ದ ಭಾರತೀಯ ವಾದಕರು ದಿಲ್‌ರುಬಾ, ತಬಲಾ, ತಂಬೂರಿಗಳನ್ನು ನುಡಿಸಿದರು. ೧೯೬೭ರ ಹೊದಿಕೆಯ ಮೇಲೆ ಇವರ ಹೆಸರುಗಳು ಇರಲಿಲ್ಲ. ನಟವರ್ ಸೋನಿ, ಅಣ್ಣಾ ಜೋಶಿ, ಅಮೃತ್ ಗಜ್ಜರ್, ಬುದ್ಧದೇವ ಕಂಸಾರ ಎಂಬ ಹೆಸರುಗಳು ಲೋಕಕ್ಕೆ ತಿಳಿಯಲು ಹತ್ತಿರಹತ್ತಿರ ಅರ್ಧ ಶತಮಾನವೇ ಬೇಕಾಯಿತು. ಪೆಟ್ಟಿಗೆಯಲ್ಲಿ, ಪಾಶ್ಚಾತ್ಯ ಪಿಟೀಲುಗಳೂ ಕಂಠವೂ ಸೇರುವುದಕ್ಕೆ ಮುನ್ನ ಇವರಷ್ಟೇ ನುಡಿಸಿದ ಮೊದಲ ಯತ್ನವಿದೆ. ಹ್ಯಾರಿಸನ್ ಇವರಿಗೆ ತನ್ನ ಮನಸ್ಸಿನ ಸ್ವರಸಂಚಾರವನ್ನು ತಿಳಿಯಹೇಳುವ ಮಾತುಕತೆಯೂ ಇದೆ. ಅಲಂಕಾರ ಕಳಚಿದ ಈ ಮೊದಲ ಯತ್ನವೇ ಸಿದ್ಧರೂಪಕ್ಕಿಂತ ಮೇಲೆಂಬುದು ನಮ್ಮ ಅಭಿಪ್ರಾಯ. ನಮ್ಮ ಹಳೆಯ ವಿದ್ಯಾರ್ಥಿ ಇದನ್ನು ಒಪ್ಪಲಿಲ್ಲ.

ಬಾಬ್ ಡಿಲನ್ನರ ೧೯೬೫-೬೬ರ ಮುದ್ರಣಗಳದ್ದು ಇನ್ನೂ ದೊಡ್ಡ ಸಾಹಸ. ೨೦೧೫ರಲ್ಲಿ ಬಂದ 'ದ ಕಟಿಂಗ್ ಎಡ್ಜ್' ಸಂಪುಟದ ಅತಿ ದೊಡ್ಡ ರೂಪದಲ್ಲಿ ಹದಿನೆಂಟು ತಟ್ಟೆಗಳು. ಐದು ಸಾವಿರ ಪ್ರತಿಗಳಷ್ಟೇ. 'ಲೈಕ್ ಎ ರೋಲಿಂಗ್ ಸ್ಟೋನ್' ಎಂಬ ಒಂದೇ ಹಾಡಿನ ಯತ್ನಗಳು ಒಂದಿಡೀ ತಟ್ಟೆಯನ್ನು ತುಂಬಿವೆ. ಮೊದಲ ದಿನ ಅದು ಮೂರು ಎಣಿಕೆಯ ವಾಲ್ಟ್ಸ್ ನಡೆಯಲ್ಲಿ ತೂಗಾಡುತ್ತದೆ. ಮರುದಿನ, ೧೯೬೫ರ ಜೂನ್ ೧೬ರಂದು, ನಾಲ್ಕನೆಯ ಸಲಕ್ಕೆ ಹಾಡು ಕೈಗೆ ಸಿಕ್ಕುತ್ತದೆ. ಲೋಕ ಕೇಳಿದ್ದು ಅದನ್ನೇ. ಸ್ವಾರಸ್ಯವಿರುವುದು ಮುಂದಿನದರಲ್ಲಿ: ಸಿಕ್ಕಿತೆಂಬುದು ಹಾಡಿದವರಿಗೇ ತಿಳಿಯದೆ ಅವರು ಮತ್ತೆ ಮತ್ತೆ ಯತ್ನಿಸುತ್ತಾರೆ, ಆದರೆ ಅದು ಮರಳಿ ಕೈಗೆ ಬರುವುದೇ ಇಲ್ಲ.

ಇನ್ನು ದೋಷಗಳ ಮಾತು. ಪೆಟ್ಟಿಗೆಗಳೆಲ್ಲ ಇಂಥವಲ್ಲ. ಪಿಂಕ್ ಫ್ಲಾಯ್ಡ್ ತಂಡದ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಕೃತಿಯ ೨೦೧೧ರ ಪೆಟ್ಟಿಗೆಯಲ್ಲಿ ತಟ್ಟೆಗಳೊಡನೆ ಗಾಜಿನ ಗೋಲಿಗಳನ್ನೂ ಕೊರಳಿಗೆ ಸುತ್ತುವ ವಸ್ತ್ರವನ್ನೂ ಲೋಟದ ಕೆಳಗಿಡುವ ಬಿಲ್ಲೆಗಳನ್ನೂ ಇಟ್ಟಿದ್ದಾರೆ. ಗೋಲಿಯಿಂದ ಯಾವ ಪಾಠ ನಿರ್ಣಯವಾಗುತ್ತದೆಯೋ ಬಲ್ಲವರು ಹೇಳಬೇಕು. ಮತ್ತೆ ಕೆಲವು ಹೊರಬಂದುದು ಕೇಳುಗರಿಗಾಗಿಯೂ ಅಲ್ಲ. ಯೂರೋಪಿನಲ್ಲಿ ಧ್ವನಿಮುದ್ರಣದ ಹಕ್ಕಿನ ಅವಧಿಯನ್ನು ೨೦೧೧ರ ನಿರ್ದೇಶನವು ೫೦ರಿಂದ ೭೦ ವರ್ಷಕ್ಕೆ ಏರಿಸಿತು. ಐವತ್ತು ವರ್ಷದೊಳಗೆ ಪ್ರಕಟವಾಗದ ಮುದ್ರಣಗಳಿಗೆ ಆ ಲಾಭವಿಲ್ಲ. ಡಿಲನ್ನರ ಹಳೆಯ ಮುದ್ರಣಗಳ ಸಂಗ್ರಹವೊಂದು ೨೦೧೨ರಲ್ಲಿ ನೂರರಷ್ಟು ಪ್ರತಿಗಳಲ್ಲಿ ಹೊರಬಂದುದು ಈ ಹಕ್ಕನ್ನು ಉಳಿಸಿಕೊಳ್ಳುವುದಕ್ಕೆ. ಸಂಗ್ರಾಹಕರು ಅದಕ್ಕೂ ಮುಗಿಬಿದ್ದರು. ನಮ್ಮ ಹಳೆಯ ವಿದ್ಯಾರ್ಥಿಯ ಬಳಿಯೂ ಮೇಲಿನ ಪಾರದರ್ಶಕ ಹಾಳೆಯನ್ನೇ ಹರಿಯದ ಪೆಟ್ಟಿಗೆಗಳು ನಾಲ್ಕಿವೆಯಂತೆ. ಹರಿದರೆ ಬೆಲೆ ಇಳಿಯುತ್ತದೆಯಂತೆ. ಅವರನ್ನು ಆಕ್ಷೇಪಿಸುವ ಅಧಿಕಾರ ನಮಗಿಲ್ಲ. ೧೯೯೩ರಲ್ಲಿ ಕರ್ನಾಟಕ ಸರ್ಕಾರ ಹೊರತಂದ ಸಮಗ್ರ ವಚನ ಸಂಪುಟದ ಹದಿನೈದು ಭಾಗಗಳು ನಮ್ಮ ಕಪಾಟಿನಲ್ಲಿಯೂ ಇವೆ. ಅವುಗಳಲ್ಲಿ ಎಷ್ಟರ ಬೆನ್ನು ಮಡಿಚಿದೆ ಎಂದು ಯಾರೂ ಕೇಳದಿರಲಿ.

ಪಾಠಾಂತರಗಳನ್ನು ಕೂಡಿಹಾಕುವುದು ಬೇರೆ, ಸಂಪಾದನೆ ಬೇರೆ. ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥ ಸಂಪಾದನೆ'ಯನ್ನು ಓದಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹದಿನೆಂಟು ತಟ್ಟೆಗಳನ್ನು ಕೈಗಿತ್ತು 'ನೀವೇ ಕೇಳಿಕೊಳ್ಳಿ' ಎನ್ನುವುದು ಓಲೆಯ ಕಟ್ಟನ್ನು ಬಿಚ್ಚದೆ ಕೊಟ್ಟಂತೆಯೇ. ಆದರೂ ಕಟ್ಟು ಇದೆ, ಬಿಚ್ಚುವವನು ನಾಳೆ ಬರಬಹುದು. ನಮ್ಮಲ್ಲಿ ಕಟ್ಟೇ ಇಲ್ಲ. ಗೋಪಾಲದಾಸರ ಹೆಸರಿನೊಡನೆ ಬೆಸೆದ ಉತ್ತನೂರು ಗದ್ವಾಲದ ಸೀಮೆಯಲ್ಲಿದೆ. ೧೯೫೬ರವರೆಗೆ ಗದ್ವಾಲ ರಾಯಚೂರು ಜಿಲ್ಲೆಗೇ ಸೇರಿತ್ತು. ಗೆರೆ ಬಿದ್ದ ಮೇಲೂ ಎರಡು ಕಡೆಯ ಭಜನೆಗಳಲ್ಲಿ ಅವೇ ಪದಗಳು ನಡೆದವು. ಒಂದೇ ಪದದ ನುಡಿಗಳು ಅಲ್ಲೊಂದು ಕ್ರಮದಲ್ಲಿ ಇಲ್ಲೊಂದು ಕ್ರಮದಲ್ಲಿ ಬರುವುದನ್ನು ನಾವೇ ಕೇಳಿದ್ದೇವೆ. ಬೀಟಲ್ಸರ ಹಾಡಿಗಾದರೆ ಸಿದ್ಧರೂಪವೊಂದಿದೆ, ಉಳಿದವು ಅದರ ಮೆಟ್ಟಿಲುಗಳು. ದಾಸರ ಪದ ನಮಗೆ ಮುಟ್ಟಿರುವುದೇ ಯತ್ನಗಳ ರೂಪದಲ್ಲಿ. ಒಬ್ಬೊಬ್ಬರ ಬಾಯಲ್ಲಿ ಒಂದೊಂದು.

ಇದನ್ನು ಬರೆಯುವಾಗ ನಮಗೆ ನೆಮ್ಮದಿಯಿಲ್ಲ. ಕೆಲವು ವರ್ಷಗಳ ಹಿಂದೆ ಉತ್ತನೂರಿನ ಕಡೆಯ ಹಳ್ಳಿಯೊಂದರಲ್ಲಿ ಗೋಪಾಲದಾಸರ ಪದವೊಂದನ್ನು ವೃದ್ಧೆಯೊಬ್ಬರು ಹಾಡಿದಾಗ, ಜೊತೆಗಿದ್ದ ವಿದ್ಯಾರ್ಥಿಗಳು ಅದನ್ನು ಫೋನಿನಲ್ಲಿ ಹಿಡಿದಿದ್ದರು. ಮೂರನೆಯ ನುಡಿಯಲ್ಲಿ ಆಕೆಯ ಮಾತು ಅಚ್ಚಿನ ಪುಸ್ತಕದಂತಿರಲಿಲ್ಲ. ಒಂದು ನುಡಿ ಹೆಚ್ಚಾಗಿಯೇ ಬಂದಿತ್ತು. ವಯಸ್ಸಿನ ಮರೆವೆಂದು ಬಗೆದು ನಾವು ಪುಸ್ತಕವನ್ನು ಓದಿ ತೋರಿಸಿದೆವು, ಮತ್ತೊಮ್ಮೆ ಹಾಡಿಸಿದೆವು, ಮೊದಲನೆಯದನ್ನು ಅಳಿಸಿಬಿಟ್ಟೆವು. ಪೆಟ್ಟಿಗೆಯನ್ನು ಕೇಳಿದ ವಾರದಲ್ಲಿಯೇ ಆ ಹಳ್ಳಿಗೆ ಮತ್ತೆ ಹೋದೆವು. ಆಕೆ ನಮ್ಮನ್ನು ಗುರುತಿಸಿ, ಕೂಡ್ರಿಸಿ, ನೀರು ಕೊಟ್ಟು, ಅದೇ ಪದವನ್ನು ಹಾಡಿದರು. ಮೂರನೆಯ ನುಡಿ ಪುಸ್ತಕದಲ್ಲಿದ್ದಂತೆಯೇ ಬಂದಿತು. ಹೆಚ್ಚಿನ ನುಡಿ ಬರಲಿಲ್ಲ. ಮೊದಲು ಹಾಡುತ್ತಿದ್ದ ಹಾಗೆ ಹಾಡಿರೆಂದು ಬೇಡಿದೆವು. ಆಕೆ ಸ್ವಲ್ಪ ಹೊತ್ತು ಯೋಚಿಸಿ, "ನೀವೇ ಹೇಳಿದ್ರಲ್ಲ ಮಾಸ್ತರ, ಪುಸ್ತಕದಾಗ ಹಿಂಗದ ಅಂತ" ಎಂದರು.