ಕಬ್ಬಿಣದ ಎಲುಬಿನ ಗಿರಣಿ

ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿರುವ ಅಗಸೆ ನಾರಿನ ಗಿರಣಿಯನ್ನು ಗಗನಚುಂಬಿಗಳ ಅಜ್ಜ ಅನ್ನುತ್ತಾರೆ. ಇರುವುದು ಐದೇ ಅಂತಸ್ತು! ಆಗಿನ ಗಿರಣಿಗಳೆಂದರೆ ಮರದ ತೊಲೆ, ಮರದ ನೆಲ, ಎಲ್ಲೆಲ್ಲೂ ನಾರಿನ ಧೂಳು. ಹೊತ್ತಿ ಉರಿಯಲು ದೀಪದ ಒಂದು ಕಿಡಿ ಸಾಕಿತ್ತು. 1797ರಲ್ಲಿ ಈ ಗಿರಣಿಯ ವಿನ್ಯಾಸಕಾರ ಚಾರ್ಲ್ಸ್ ಬೇಜ್ ಕಂಬ, ತೊಲೆ ಎರಡನ್ನೂ ಎರಕದ ಕಬ್ಬಿಣದಲ್ಲೇ ಮಾಡಿಸಿ, ನಡುವೆ ಇಟ್ಟಿಗೆಯ ಕಮಾನು ಕಟ್ಟಿಸಿದ. ಗಗನಚುಂಬಿಗಳನ್ನು ಹೊರುವ ಲೋಹದ ಎಲುಬುಗೂಡಿನ ಆರಂಭ ಇದೇ. ಕಂಬಗಳನ್ನು ಹತ್ತಿರದಿಂದ ನೋಡಬೇಕು: ಅಡ್ಡ ಕೊಯ್ದರೆ ಕೂಡು ಚಿಹ್ನೆಯ ಆಕಾರ, ಬಾಗುವ ಭಯವಿರುವ ನಡುಭಾಗದಲ್ಲಿ ತುಸು ದಪ್ಪ. ಲೆಕ್ಕಾಚಾರಕ್ಕೂ ಇಷ್ಟು ಚೆಲುವಿರುತ್ತದೆಯೇ!

ನೂಲುವ ಕೆಲಸ ನಿಂತ ಮೇಲೆ, 1897ರ ಹೊತ್ತಿಗೆ ಇದು ಬಾರ್ಲಿ ಮೊಳಕೆ ಬರಿಸುವ ಮಾಲ್ಟ್ ಮನೆಯಾಯಿತು. ಹಲವು ಕಿಟಕಿಗಳನ್ನು ಇಟ್ಟಿಗೆಯಿಂದ ಮುಚ್ಚಿದರು. ಅದೂ 1987ರಲ್ಲಿ ಬಂದ್. ದೀರ್ಘ ದುರಸ್ತಿಯ ನಂತರ 2022ರಲ್ಲಿ ಬಾಗಿಲು ತೆರೆಯಿತು. ದುರಸ್ತಿ ಮಾಡಿದವರು ಮಾಲ್ಟ್ ಕಾಲದ ಗುರುತನ್ನು ಪೂರ್ತಿ ಅಳಿಸಲಿಲ್ಲ, ಗಿರಣಿಯ ದೊಡ್ಡ ಕಿಟಕಿಗಳ ಪಕ್ಕದಲ್ಲೇ ಆ ಕಾಲದ ಸಣ್ಣ ಕಿಟಕಿಗಳನ್ನೂ ಉಳಿಸಿದರು. ನನಗೆ ಅವರ ಬಗ್ಗೆ ಗೌರವ ಬಂದದ್ದು ಅಲ್ಲೇ.