ಉಳಿದ ಒಂದು ಪಾಲು

ಸಂಡೇ ಸ್ಕೂಲಿನಲ್ಲಿ ಪಾಠ ಹೇಳುವವನಿಗೆ ಒಂದು ದೊಡ್ಡ ಅನುಕೂಲವಿದೆ. ಉತ್ತರಗಳ ಜೊತೆಗೆ ಪ್ರಶ್ನೆಗಳೂ ಅವನ ಕೈಯಲ್ಲೇ ಇರುತ್ತವೆ. 1529ರಲ್ಲಿ ಮಾರ್ಟಿನ್ ಲೂಥರ್ ಬರೆದ ಚಿಕ್ಕ ಪ್ರಶ್ನೋತ್ತರ ಪುಸ್ತಕದಲ್ಲಿ ಒಂದೊಂದು ಆಜ್ಞೆಯ ಬೆನ್ನಿಗೂ ಇದೇನು ಎಂಬ ಅದೇ ಪ್ರಶ್ನೆ ಬರುತ್ತದೆ. 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರದಲ್ಲಿ ಪ್ರಶ್ನೆಗಳು 129. ಕೇಳುವವರಿಗೂ ಹೇಳುವವರಿಗೂ ಬಾಯಿಪಾಠ. ಕಲಿಕೆಗೆ ಇದು ಒಳ್ಳೆಯ ಕ್ರಮವೇ. ನಾನೂ ಹಾಗೆಯೇ ಕಲಿತವನು. ಈ ಕ್ರಮವನ್ನು ಹೊಟ್ಟೆಯುರಿದು ಕೇಳಿದ ಪ್ರಶ್ನೆಗೂ ಹಚ್ಚಬಹುದೆಂದು ನಂಬಿದ್ದು ಮಾತ್ರ ನನ್ನ ದಡ್ಡತನ.

ಪಾಠ ಹೇಳುತ್ತಿದ್ದ ಆ ಕಾಲದಲ್ಲಿ ನನ್ನ ಊರುಗೋಲು ಸಿ.ಎಸ್. ಲೂಯಿಸ್. ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸುತ್ತಿದ್ದ ಮೇಷ್ಟ್ರು. ನಾಸ್ತಿಕನಾಗಿದ್ದು ಮೂವತ್ತರ ಆಸುಪಾಸಿನಲ್ಲಿ ಕ್ರೈಸ್ತ ನಂಬಿಕೆಗೆ ಮರಳಿದವರು. ಆದ್ದರಿಂದ ನಾಸ್ತಿಕರ ವಾದ ಅವರಿಗೆ ಒಳಗಿನಿಂದಲೇ ಗೊತ್ತಿತ್ತು. ದೇವರು ಒಳ್ಳೆಯವನೂ ಸರ್ವಶಕ್ತನೂ ಆಗಿದ್ದರೆ ಲೋಕದಲ್ಲಿ ನೋವೇಕೆ ಎಂಬ ಹಳೆಯ ಪ್ರಶ್ನೆಯನ್ನು ಎತ್ತಿಕೊಂಡು 1940ರಲ್ಲಿ ಅವರು ‘ದ ಪ್ರಾಬ್ಲಮ್ ಆಫ್ ಪೇಯ್ನ್’ ಬರೆದರು. ಅದರ ತರ್ಕ ಇಂದಿಗೂ ನನಗೆ ಇಷ್ಟ. ಹೊಡೆಯಲೆಂದು ಎತ್ತಿದ ಮರದ ತೊಲೆ ಆ ಕ್ಷಣಕ್ಕೆ ಹುಲ್ಲಿನಷ್ಟು ಮೆತ್ತಗಾಗುವಂತೆ ದೇವರು ಮಾಡುತ್ತಾ ಹೋದರೆ ಹೊಡೆಯುವ ಸ್ವಾತಂತ್ರ್ಯವೂ ಇರುವುದಿಲ್ಲ, ಹೊಡೆಯದೆ ಇರುವ ಸ್ವಾತಂತ್ರ್ಯವೂ ಇರುವುದಿಲ್ಲ. ಎಲ್ಲರಿಗೂ ಒಂದೇ ನಿಯಮದ ಗಟ್ಟಿಯಾದ ಲೋಕ ಬೇಕು. ಅಂಥ ಲೋಕದಲ್ಲಿ ಪೆಟ್ಟು ಬೀಳುವುದೂ ಸಾಧ್ಯ. ಮನುಷ್ಯರ ಕಷ್ಟದಲ್ಲಿ ಐದರಲ್ಲಿ ನಾಲ್ಕು ಪಾಲು ಬಹುಶಃ ಮನುಷ್ಯರೇ ಒಬ್ಬರಿಗೊಬ್ಬರು ಮಾಡಿಕೊಂಡದ್ದು ಎಂದು ಲೂಯಿಸ್ ಲೆಕ್ಕ ಹಾಕುತ್ತಾರೆ. ಯುದ್ಧದ ಮಧ್ಯೆ ಪುಸ್ತಕ ಹಿಡಿದವರಿಗೆ ಈ ಲೆಕ್ಕ ಹೆಚ್ಚೆನಿಸಿರಲಾರದು.

ಪುಸ್ತಕದಲ್ಲಿ ಸಡಿಲ ಜಾಗಗಳಿಲ್ಲವೆಂದಲ್ಲ. ಪ್ರಾಣಿಗಳ ನೋವಿನ ಅಧ್ಯಾಯ ನೋಡಿ. ಸಾಕಿದ ನಾಯಿಗೆ ಯಜಮಾನನ ಮೂಲಕ ಒಂದು ಬಗೆಯ ಆತ್ಮತ್ವ ಬರಬಹುದು ಎನ್ನುತ್ತಾರೆ. ಸರಿ, ಹುಲಿಯ ಬಾಯಿಗೆ ಬಿದ್ದ ಜಿಂಕೆಗೆ ಯಜಮಾನ ಯಾರು? ಇದು ಬರಿಯ ಊಹೆ ಎಂದು ಅವರೇ ಒಪ್ಪಿಕೊಳ್ಳುವುದರಿಂದ ಹೆಚ್ಚು ಜಗ್ಗುವುದು ಬೇಡ.

ನನ್ನ ಅಕ್ಕನ ಮಗ ತೀರಿಕೊಂಡದ್ದು ಹದಿನಾರನೆಯ ವಯಸ್ಸಿಗೆ, ರಕ್ತದ ಕ್ಯಾನ್ಸರಿನಿಂದ. ಮಣ್ಣು ಮಾಡಿ ಹತ್ತು ಹನ್ನೆರಡು ದಿನಗಳಾಗಿದ್ದವು. ಹಿತ್ತಲಿನ ಜಗಲಿಯಲ್ಲಿ ಕುಳಿತು ಅಕ್ಕ, ದೇವರು ಯಾಕೆ ಹೀಗೆ ಮಾಡಿದ ಅಂದಳು. ನಾನು ಶುರುಮಾಡಿದೆ. ತೊಲೆ, ಹುಲ್ಲು, ಗಟ್ಟಿ ಲೋಕ, ಕಿವುಡು ಜಗತ್ತನ್ನು ಎಬ್ಬಿಸಲು ದೇವರು ನೋವನ್ನೇ ಧ್ವನಿವರ್ಧಕ ಮಾಡಿಕೊಳ್ಳುತ್ತಾನೆಂಬ ಮಾತು, ಒಂದನ್ನೂ ಬಿಡಲಿಲ್ಲ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, “ಅದೆಲ್ಲ ಸರಿ ಇರಬಹುದು ಮಾರಾಯ. ನಾನು ಕೇಳಿದ್ದು ನಿನ್ನ ಹತ್ತಿರ ಅಲ್ಲ” ಎಂದು ಎದ್ದು ಒಣಗಲು ಹಾಕಿದ ಬಟ್ಟೆ ತೆಗೆಯಲು ಹೋದಳು.

ಆ ಮಾತು ಬಹಳ ದಿನ ನನ್ನನ್ನು ಕೊರೆಯಿತು. ಮೊದಲು ಸಿಟ್ಟೂ ಬಂತು. ಸಹಾಯಕ್ಕೆ ಹೋದವನಿಗೆ ಇದೇನು ಎಂದು. ಮತ್ತೆ ಪುಸ್ತಕ ತೆಗೆದಾಗ, ಹಿಂದೆ ಹಾರಿಸಿಬಿಟ್ಟಿದ್ದ ಮುನ್ನುಡಿ ಕಣ್ಣಿಗೆ ಬಿತ್ತು. ತನ್ನ ಕೆಲಸ ನೋವು ಎಬ್ಬಿಸುವ ಬೌದ್ಧಿಕ ಸಮಸ್ಯೆಯನ್ನು ಬಿಡಿಸುವುದಷ್ಟೇ, ತಾಳ್ಮೆ ಕಲಿಸುವ ದೊಡ್ಡ ಕೆಲಸಕ್ಕೆ ತಾನು ಯೋಗ್ಯನಲ್ಲ ಎಂದು ಲೂಯಿಸ್ ಅಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ಔಷಧಿಯ ಶೀಶೆಯ ಮೇಲೆ ಚೀಟಿ ಅಂಟಿಸಿಯೇ ಕೊಟ್ಟಿದ್ದರು. ಓದದೆ ಕುಡಿಸಿದವನು ನಾನು. ಅದೇ ಮುನ್ನುಡಿಯಲ್ಲಿ ಇನ್ನೊಂದು ಸಂಗತಿಯಿದೆ. ತನ್ನ ಹೆಸರಿಲ್ಲದೆ ಪುಸ್ತಕ ಬರಲಿ ಎಂದು ಅವರು ಕೇಳಿಕೊಂಡಿದ್ದರಂತೆ. ಆದರೆ ಅದಕ್ಕೆ ಒಪ್ಪಿಗೆ ಸಿಗಲಿಲ್ಲ.

ಇಪ್ಪತ್ತೊಂದು ವರ್ಷಗಳ ಮೇಲೆ ಆ ಆಸೆ ಬೇರೊಂದು ರೀತಿಯಲ್ಲಿ ಈಡೇರಿತು. 1960ರ ಜುಲೈಯಲ್ಲಿ ಅವರ ಹೆಂಡತಿ ಜಾಯ್ ಕ್ಯಾನ್ಸರಿನಿಂದ ತೀರಿಕೊಂಡರು. ಮನೆಯಲ್ಲಿದ್ದ ಖಾಲಿ ನೋಟುಪುಸ್ತಕಗಳಲ್ಲಿ ಲೂಯಿಸ್ ಬರೆದುಕೊಂಡದ್ದು ‘ಎ ಗ್ರೀಫ್ ಅಬ್ಸರ್ವ್ಡ್’ ಎಂದು 1961ರಲ್ಲಿ ಎನ್.ಡಬ್ಲ್ಯೂ. ಕ್ಲರ್ಕ್ ಎಂಬ ಹೆಸರಿನಲ್ಲಿ ಅಚ್ಚಾಯಿತು. 1963ರಲ್ಲಿ ಅವರು ತೀರಿಕೊಂಡ ಮೇಲೆಯೇ ನಿಜವಾದ ಹೆಸರು ಮುಖಪುಟಕ್ಕೆ ಬಂದದ್ದು. ಇಲ್ಲಿ ಐದರ ಲೆಕ್ಕವಿಲ್ಲ. ಹೋಗಿ ತಟ್ಟಿದರೆ ಒಳಗಿನಿಂದ ಅಗುಳಿ ಹಾಕಿಕೊಂಡ ಬಾಗಿಲು ಇದೆ. ದೇವರು ಇಲ್ಲವೆಂಬ ಭಯಕ್ಕಿಂತ, ಇದ್ದಾನೆ ಮತ್ತು ಹೀಗಿದ್ದಾನೆ ಎಂಬ ಭಯ ಇದೆ. ಧರ್ಮದ ಸತ್ಯದ ಬಗ್ಗೆ ಮಾತಾಡಿ, ಕೇಳುತ್ತೇನೆ. ಧರ್ಮದ ಸಮಾಧಾನ ಹೇಳಲು ಬಂದರೆ ನಿಮಗೆ ಏನೂ ಅರ್ಥವಾಗಿಲ್ಲವೆಂದುಕೊಳ್ಳುತ್ತೇನೆ ಎಂಬರ್ಥದ ಮಾತು ಓದಿದಾಗ ಹಿತ್ತಲಿನ ಜಗಲಿ ನೆನಪಾಗಿ ಮುಖ ಬಿಸಿಯಾಯಿತು.

ಉತ್ತರ ಹೇಳುತ್ತಿದ್ದ ಪಂಡಿತ ತನ್ನ ಮನೆಗೇ ಸಾವು ಬಂದಾಗ ಬಾಯಿ ಮುಚ್ಚಿದ, ಎಂದು ಈ ಎರಡು ಪುಸ್ತಕಗಳ ಕಥೆಯನ್ನು ಹೇಳುವುದು ರೂಢಿ. ರಿಚರ್ಡ್ ಆಟೆನ್‌ಬರೋ 1993ರಲ್ಲಿ ಮಾಡಿದ ‘ಶ್ಯಾಡೋಲ್ಯಾಂಡ್ಸ್’ ಚಿತ್ರದ ಧಾಟಿಯೂ ಬಹುಮಟ್ಟಿಗೆ ಇದೇ. ಚಿತ್ರ ಚೆನ್ನಾಗಿದೆ, ನಾನೂ ಅತ್ತಿದ್ದೇನೆ. ಆದರೂ ಆ ಕಥೆಯನ್ನು ನಾನು ಒಪ್ಪುವುದಿಲ್ಲ. ಲೂಯಿಸ್‌ಗೆ ಸಾವು ಹೊಸದೇನಲ್ಲ. 1908ರಲ್ಲಿ, ಒಂಬತ್ತರ ಹುಡುಗನಾಗಿದ್ದಾಗಲೇ ತಾಯಿ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಬದುಕಲಿ ಎಂದು ಹುಡುಗ ಪ್ರಾರ್ಥಿಸಿದ್ದ. ಮೊದಲ ಮಹಾಯುದ್ಧದ ಕಂದಕಗಳನ್ನು ಕಂಡು, ಗಾಯಗೊಂಡು ಬಂದವರು. ತೊಲೆ ಎತ್ತುವ ಕೈಯೂ ಗೊತ್ತಿತ್ತು, ಯಾರ ಕೈಯೂ ಇಲ್ಲದೆ ಬರುವ ಆ ಉಳಿದ ಒಂದು ಪಾಲೂ ಗೊತ್ತಿತ್ತು. ತಾಯಿ, ಹೆಂಡತಿ ಇಬ್ಬರೂ ಆ ಪಾಲಿಗೇ ಸೇರಿದವರು. ನನ್ನ ದೃಷ್ಟಿಯಲ್ಲಿ ವ್ಯತ್ಯಾಸ ತಿಳಿವಳಿಕೆಯದಲ್ಲ, ಮಾತು ಯಾರ ಕಡೆಗೆ ತಿರುಗಿದೆ ಎಂಬುದರದು. ಮೊದಲ ಪುಸ್ತಕ ಸಂದೇಹಿಯಾದ ಓದುಗನ ಜೊತೆ ದೇವರ ಬಗ್ಗೆ ಮಾತಾಡುತ್ತದೆ. ಎರಡನೆಯದು ಎಷ್ಟೋ ಕಡೆ ದೇವರ ಮೇಲೆಯೇ ದೂರು ಹೊತ್ತು ಹೋಗಿ ಬಾಗಿಲು ಬಡಿಯುತ್ತದೆ.

ಸತ್ಯವೇದ ಓದಿದವರಿಗೆ ಇದು ಹೊಸತಾಗಬಾರದಿತ್ತು. ಯೋಬನ ಮೂವರು ಸ್ನೇಹಿತರು, ಎಲೀಫಜ, ಬಿಲ್ದದ, ಚೋಫರ, ಮೊದಲ ಏಳು ದಿನ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕುಳಿತರು. ಅವರು ಮಾಡಿದ ಒಳ್ಳೆಯ ಕೆಲಸ ಅಷ್ಟೇ. ಆಮೇಲೆ ಬಾಯಿ ತೆರೆದು ದೇವರ ವಕೀಲರಾದರು. ಕೊನೆಗೆ ದೇವರು ಸಿಟ್ಟಾದದ್ದು ತನ್ನ ಮೇಲೆ ಕೂಗಾಡಿದ ಯೋಬನ ಮೇಲಲ್ಲ, ತನ್ನ ಪರವಾಗಿ ವಾದಿಸಿದ ಇವರ ಮೇಲೆ. ಎಷ್ಟು ಸಲ ಈ ಪಾಠ ಮಾಡಿದ್ದೆನೋ!

ಇಷ್ಟಾದರೂ ಮೊದಲ ಪುಸ್ತಕವನ್ನು ನಾನು ಬಿಟ್ಟುಕೊಡುವುದಿಲ್ಲ. ಕಾಲೇಜಿನ ಹುಡುಗರು ವಾದಕ್ಕೆ ಬಂದಾಗ ಅದನ್ನೇ ಕೊಡುತ್ತೇನೆ. ಅವರ ಪ್ರಶ್ನೆ ಪ್ರಾಮಾಣಿಕವಾದದ್ದು, ಅದಕ್ಕೆ ಪ್ರಾಮಾಣಿಕವಾದ ತರ್ಕ ಸಿಗಬೇಕು.

ಅಕ್ಕನಿಗೆ ಇಂಗ್ಲಿಷ್ ಬರುವುದಿಲ್ಲ. ಮರುವರ್ಷ ಒಂದು ಮಳೆಗಾಲದ ಸಂಜೆ, ಹೆದರುತ್ತಲೇ, ಎರಡನೆಯ ಪುಸ್ತಕ ಹಿಡಿದು ಹೋಗಿ ಓದುತ್ತಾ ಕನ್ನಡದಲ್ಲಿ ಹೇಳತೊಡಗಿದೆ. ದೇವರು ಒಳ್ಳೆಯವನು, ಆದ್ದರಿಂದ ನನಗೆ ಭಯವಿಲ್ಲ ಎನ್ನುವವರು ಹಲ್ಲಿನ ಡಾಕ್ಟರ ಹತ್ತಿರ ಹೋದವರೇ ಅಲ್ಲವೇ ಎಂದು ಅವರು ಕೇಳುವ ಜಾಗದಲ್ಲಿ ಅಕ್ಕ ಸಣ್ಣಗೆ ನಕ್ಕಳು. ಸ್ವಲ್ಪ ಹೊತ್ತಿನ ಮೇಲೆ, “ಇವರು ಆಮೇಲೆ ದೇವಾಲಯಕ್ಕೆ ಹೋಗುವುದು ಬಿಟ್ಟರಾ?” ಎಂದು ಕೇಳಿದಳು. ಇಲ್ಲ, ಬಿಡಲಿಲ್ಲ ಎಂದೆ. ಯಾಕೆ ಎಂದು ವಿವರಿಸಲು ಹೊರಟವನು ಹೇಗೋ ತಡೆದುಕೊಂಡೆ.

“ಹ್ಞೂಂ, ಮುಂದೆ ಓದು” ಎಂದಳು.